ಸೆಕೆಂಡ್ ಹ್ಯಾಂಡ್ ಕಾರು, ಸ್ಟೀರಿಂಗ್ ರೀಕಾಲ್, 14 ತಿಂಗಳು ನನಗೆ ಗೊತ್ತೇ ಇಲ್ಲ

ವಾಕಡ್ ವಾಸಿ (ಪುಣೆ)

ಪುಣೆ, ಮುಂಬೈ, ಗೋವಾದಲ್ಲಿ ಗಾಡಿ ಓಡಿಸುವ ನಮ್ಮವರೆಲ್ಲ ಎರಡು ನಿಮಿಷ ಓದಿ.

ಹೋದ ಶನಿವಾರ ಕಾರು ಸರ್ವಿಸ್‌ಗೆ ಬಿಟ್ಟೆ. ಆಯಿಲ್, ಫಿಲ್ಟರ್, ಅಷ್ಟೇ ಕೆಲಸ. ಕೌಂಟರಿನ ಹುಡುಗ ಚಾಸಿ ನಂಬರ್ ಹೊಡೆದ. ಸ್ಕ್ರೀನ್ ನೋಡಿದ, ನನ್ನ ಮುಖ ನೋಡಿದ. "ಸರ್, ಕ್ಯಾಂಪೇನ್ ಪೆಂಡಿಂಗ್ ಆಹೆ" ಅಂದ. ಯಾವುದೋ ಆಫರ್ ಇರಬೇಕು ಅಂದುಕೊಂಡು "ನಕೋ" (ಬೇಡ) ಅಂದುಬಿಟ್ಟೆ. ಅವನು ನಗಲಿಲ್ಲ. ಸ್ಟೀರಿಂಗ್ ಕಾಲಂ ಕೆಳಗಿನ ಜಾಯಿಂಟ್ ಬದಲಿಸಬೇಕಂತೆ. ರೀಕಾಲ್ ಅಂತೆ, ಅಂದರೆ ದೋಷ ಇರುವ ಗಾಡಿಗಳನ್ನು ಕಂಪನಿಯೇ ಹಿಂದೆ ಕರೆದು ಸರಿ ಮಾಡುವುದು. ಕ್ಯಾಂಪೇನ್ ಅಂದರೆ ಅವರ ಭಾಷೆಯಲ್ಲಿ ಅದೇ!

ಈ ಕಾರನ್ನು ಬೆಳಗಾವಿಯಲ್ಲಿ ಪರಿಚಯದವರೊಬ್ಬರಿಂದ ಕೊಂಡಿದ್ದೆ. ಕೆಎ 22 ಪ್ಲೇಟು. 14 ತಿಂಗಳಾಯಿತು. ರೀಕಾಲ್ ಘೋಷಣೆ ಆದದ್ದು ನಾನು ಕೊಳ್ಳುವುದಕ್ಕೂ ಮೊದಲು. ಈ 14 ತಿಂಗಳಲ್ಲಿ ಖಂಬಾಟ್ಕಿ ಘಾಟು ಎಷ್ಟು ಸಲ ಹತ್ತಿ ಇಳಿದೆನೋ ಲೆಕ್ಕ ಇಲ್ಲ. ದೀಪಾವಳಿಯಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಹೋಗಿದ್ದೆ. ಅಮ್ಮ ಪ್ರತಿ ತಿರುವಿನಲ್ಲೂ "ನಿಧಾನ, ನಿಧಾನ" ಅನ್ನುತ್ತಿದ್ದಳು. ನಾನು "ಸುಮ್ನೆ ಕೂತ್ಕೋ ಅಮ್ಮ, ಸ್ಟೀರಿಂಗ್ ನನ್ನ ಕೈಯಲ್ಲಿದೆ" ಅಂದಿದ್ದೆ. ಈಗ ಆ ಮಾತು ನೆನೆಸಿಕೊಂಡರೆ ಅಂಗೈ ಬೆವರುತ್ತದೆ.

ಕಂಪನಿ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಹೆಸರು ಬಂದ ಕೂಡಲೇ ಚರ್ಚೆ ಬೇರೆ ಕಡೆ ಓಡುತ್ತದೆ.

ನನ್ನ ಪ್ರಶ್ನೆ ಮೂರು. ನನಗೆ ಯಾಕೆ ಯಾರೂ ಹೇಳಲಿಲ್ಲ? ಕರ್ನಾಟಕದ ಗಾಡಿಯನ್ನು ಪುಣೆಯಲ್ಲಿ ಬಿಟ್ಟಿಯಾಗಿ ಮಾಡಿಕೊಡುತ್ತಾರಾ? ಮತ್ತೆ, ಪಾರ್ಟ್ ಸ್ಟಾಕ್‌ನಲ್ಲಿ ಇಲ್ಲ, ಬಂದಾಗ ಫೋನ್ ಮಾಡುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ಓಡಿಸಬಹುದಾ?


ಬೇನಾಮಿ ಬುಲೆಟ್ (ಪಿಂಪ್ರಿ)

ಮೊದಲು ಒಂದು ಮಾತು. 14 ತಿಂಗಳಿಂದ ಕೆಎ 22 ಪ್ಲೇಟಿನಲ್ಲೇ ಪುಣೆ ಸುತ್ತುತ್ತಿದ್ದೀರಾ? ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿದರೆ ಮರು ನೋಂದಣಿ ಮಾಡಿಸಬೇಕು ಗುರುವೇ. ವಾಕಡ್ ಸಿಗ್ನಲ್ಲಿನ ಪೊಲೀಸ್ ಮಾಮಾ ಇದನ್ನು ಓದುತ್ತಿಲ್ಲ ಅಂದುಕೊಳ್ಳೋಣ.


ವಾಕಡ್ ವಾಸಿ

ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಬಂದಿದೆ, ಕೆಲಸ ನಡೀತಾ ಇದೆ. ಗಾಯದ ಮೇಲೆ ಉಪ್ಪು ಹಾಕಬೇಡಿ.


ಚಾಕಣ್ ಶಿಫ್ಟ್ (ಪುಣೆ)

ನಾನು ಚಾಕಣ್‌ನಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಊರು ಗದಗ. 11 ವರ್ಷದಿಂದ ಇದೇ ಗಿರಣಿ. ಹಾಗಾಗಿ ಒಳಗಿನ ಕಥೆ ಸ್ವಲ್ಪ ಹೇಳುತ್ತೇನೆ, ಉದ್ದ ಆದರೆ ಕ್ಷಮಿಸಿ.

ಸ್ಟೀರಿಂಗ್ ಅಂದರೆ ಒಂದು ಸರಪಳಿ. ನಿಮ್ಮ ಕೈಯಲ್ಲಿರುವ ಚಕ್ರ, ಅದರ ಕೆಳಗೆ ಕಾಲಂ, ಕಾಲಂ ಕೆಳಗೆ ಜಾಯಿಂಟ್ ಇರುವ ಸಣ್ಣ ಶಾಫ್ಟು, ಆಮೇಲೆ ರ‍್ಯಾಕ್, ರ‍್ಯಾಕಿನ ಎರಡೂ ತುದಿಗೆ ಟೈ ರಾಡು, ಕೊನೆಗೆ ಗಾಲಿ. ಈ ಸರಪಳಿಯಲ್ಲಿ ಯಾವ ಕೊಂಡಿ ಬಿಟ್ಟರೂ ಕೆಲಸ ಕೆಟ್ಟಿತು. ಬ್ರೇಕ್ ಹಾಗಲ್ಲ. ಕಾರಿನ ಬ್ರೇಕಿನಲ್ಲಿ ಎಣ್ಣೆ ಎರಡು ಬೇರೆ ಬೇರೆ ದಾರಿಯಲ್ಲಿ ಹೋಗುತ್ತದೆ. ಒಂದು ದಾರಿ ಸೋರಿದರೂ ಇನ್ನೊಂದು ಎರಡು ಗಾಲಿಯನ್ನು ಹಿಡಿಯುತ್ತದೆ. ಅದೂ ಹೋದರೆ ಹ್ಯಾಂಡ್ ಬ್ರೇಕ್ ಇದೆ, ಗೇರ್ ಇದೆ. ಸ್ಟೀರಿಂಗಿಗೆ ಎರಡನೇ ದಾರಿಯೇ ಇಲ್ಲ. ಪವರ್ ಸ್ಟೀರಿಂಗಿನ ಮೋಟರ್ ಕೆಟ್ಟರೆ ತಿರುಗಿಸುವುದು ಭಾರ ಆಗುತ್ತದೆ, ಅಷ್ಟೇ. ಆದರೆ ಟೈ ರಾಡ್ ತುಂಡಾದರೆ ಆ ಬದಿಯ ಗಾಲಿ ತನಗೆ ಬೇಕಾದ ಕಡೆ ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಸ್ಟೀರಿಂಗ್ ಪಾರ್ಟಿನ ಡ್ರಾಯಿಂಗ್ ಮೇಲೆ ಸುರಕ್ಷತೆಯ ಗುರುತು ಇರುತ್ತದೆ. ಅದರ ಮೇಲೆ ಕೈ ಇಡುವ ಪ್ರತಿಯೊಬ್ಬನ ಹೆಸರೂ ದಾಖಲೆಯಲ್ಲಿ ಇರುತ್ತದೆ.

ರೀಕಾಲ್ ಸುದ್ದಿಯಲ್ಲಿ ಯಾವಾಗಲೂ "ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ತಯಾರಾದ ಗಾಡಿಗಳು" ಅಂತ ಬರುತ್ತದೆ. ಗಮನಿಸಿದ್ದೀರಾ? ಅದು ಯಾಕೆ ಅಂದರೆ ಲಾಟ್, ಅಂದರೆ ಒಂದೇ ಸಲ ತಯಾರಾದ ಮಾಲಿನ ಗುಂಪು. ಒಂದು ಶಿಫ್ಟಿನಲ್ಲಿ ಹೀಟ್ ಟ್ರೀಟ್‌ಮೆಂಟ್ ಕುಲುಮೆಯ ಉಷ್ಣತೆ ಸ್ವಲ್ಪ ಆಚೀಚೆ ಆಯಿತು ಅನ್ನಿ. ಆವತ್ತು ಬೆಂದ ಅಷ್ಟೂ ಪಿನ್ನು ಗಡಸು ಕಮ್ಮಿ, ಇಲ್ಲವೇ ಜಾಸ್ತಿ ಗಡಸಾಗಿ ಪೆಡಸು. ಯಾವ ಲಾಟ್ ಯಾವ ದಿನ ಯಾವ ಗಾಡಿಗೆ ಹೋಯಿತು ಅನ್ನುವುದು ಕಂಪ್ಯೂಟರಿನಲ್ಲಿ ಇರುತ್ತದೆ. 2022ರ ಅಕ್ಟೋಬರಿನಲ್ಲಿ ಮಾರುತಿ 9,925 ವ್ಯಾಗನ್ ಆರ್, ಸೆಲೆರಿಯೋ, ಇಗ್ನಿಸ್ ಕಾರುಗಳನ್ನು ಹಿಂದೆ ಕರೆಯಿತು. ಹಿಂದಿನ ಬ್ರೇಕಿನ ಒಂದು ಪಿನ್ ಮುರಿಯಬಹುದು ಅಂತ. ಅವು ತಯಾರಾದದ್ದು ಆಗಸ್ಟ್ 3ರಿಂದ ಸೆಪ್ಟೆಂಬರ್ 1ರವರೆಗೆ, ಬರೀ 30 ದಿನ. 2013ರಲ್ಲಿ ಅದೇ ಕಂಪನಿ ಸ್ಟೀರಿಂಗ್ ಕಾಲಂ ಸಲುವಾಗಿ 1,492 ಗಾಡಿ ಕರೆದಿತ್ತು. ಅಲ್ಲಿ ಕಿಟಕಿ, ಅಂದರೆ ದೋಷದ ಗಾಡಿ ತಯಾರಾದ ಅವಧಿ, ಒಂದೇ ವಾರದ್ದು.

ಕಿಟಕಿ ಸಣ್ಣದಿದ್ದರೆ ದೋಷ ಬೇಗ ಸಿಕ್ಕಿಬಿದ್ದಿದೆ ಅಂತ ಅರ್ಥ. 2023ರ ಜುಲೈನಲ್ಲಿ ಮಾರುತಿಯವರು ಎಸ್-ಪ್ರೆಸೋ ಮತ್ತು ಈಕೋದ 87,599 ಗಾಡಿಗಳನ್ನು ಟೈ ರಾಡ್ ಸಲುವಾಗಿ ಕರೆದರಲ್ಲ, ಅವು 2021ರ ಜುಲೈ 5ರಿಂದ 2023ರ ಫೆಬ್ರವರಿ 15ರವರೆಗೆ ತಯಾರಾದವು. ಒಂದೂವರೆ ವರ್ಷಕ್ಕೂ ಜಾಸ್ತಿ. ಇಂಥದ್ದು ನೋಡಿದಾಗ ನನ್ನಂಥವನಿಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಹೋಯಿತಲ್ಲ ಅಂತ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಕಂಪನಿಯ ಬಳಿ ಇರುವುದು ಮೊದಲ ಮಾಲೀಕರ ಹೆಸರು, ವಿಳಾಸ, ಫೋನ್ ನಂಬರ್. ಪತ್ರ ಅಲ್ಲಿಗೆ ಹೋಗಿದೆ. ನೀವು ಅವರ ಲೆಕ್ಕದಲ್ಲೇ ಇಲ್ಲ.


ಮಾಟುಂಗಾ ಮೂಲೆ (ಮುಂಬೈ)

ನಮ್ಮದು ಸಣ್ಣ ಹೋಟೆಲ್. ತರಕಾರಿ ತರಲು ವ್ಯಾನ್ ಇದೆ. ಬೆಳಿಗ್ಗೆ ನಾಲ್ಕಕ್ಕೆ ವಾಶಿ ಮಾರ್ಕೆಟಿಗೆ ಹೋಗಬೇಕು, ಆರೂವರೆಗೆ ಸಾಂಬಾರಿಗೆ ಕುಂಬಳಕಾಯಿ ಒಲೆ ಹತ್ತಿರ ಇರಬೇಕು. ಹೋದ ವರ್ಷ ಆ ವ್ಯಾನಿಗೆ ರೀಕಾಲ್ ಬಂತು. ಬ್ರೇಕಿನದ್ದು. ಪಾರ್ಟು ಫ್ರೀ, ಕೂಲಿ ಫ್ರೀ. ಸರಿ. ಆದರೆ ವ್ಯಾನು ಎರಡು ದಿನ ಅಲ್ಲೇ ನಿಂತಿತು. ಆ ಎರಡು ದಿನ ಟೆಂಪೋ ಬಾಡಿಗೆ ಕೊಟ್ಟವನು ನಾನು. ಅದಕ್ಕೆ ಯಾರೂ ಒಂದು ಪೈಸೆ ಕೊಡಲಿಲ್ಲ. ಕೇಳಿದರೆ "ಪಾಲಿಸಿ ಇಲ್ಲ ಶೇಠ್" ಅಂದರು.

ಅದಕ್ಕೇ ಹೇಳುತ್ತೇನೆ, ಫ್ರೀ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ನಮ್ಮ ಪಕ್ಕದ ಗಲ್ಲಿಯ ಟ್ಯಾಕ್ಸಿಯವನು ರೀಕಾಲ್ ಮೆಸೇಜ್ ಬಂದರೂ ಆರು ತಿಂಗಳು ಹೋಗಲಿಲ್ಲ. ಒಂದು ದಿನ ನಿಂತರೆ ಆವತ್ತಿನ ಬಾಡಿಗೆ, ಸಿಎನ್‌ಜಿ ಸಾಲು, ಕಂತು ಎಲ್ಲ ಅವನ ತಲೆ ಮೇಲೆ. ಬೇಜವಾಬ್ದಾರಿ ಅಂತ ಬೈಯುವುದು ಸುಲಭ.

ಇನ್ನೊಂದು. ಪದೇ ಪದೇ ರೀಕಾಲ್ ಮಾಡುವ ಕಂಪನಿಯ ಗಾಡಿ ಕೊಳ್ಳಬಾರದು ಅಂತ ನನ್ನ ತಮ್ಮನ ವಾದ. ಅದು ಸರೀನಾ?


ಚಾಕಣ್ ಶಿಫ್ಟ್

ನಿಮ್ಮ ತಮ್ಮನ ವಾದ ಉಲ್ಟಾ. ರೀಕಾಲ್ ಮಾಡದ ಕಂಪನಿಯಲ್ಲಿ ದೋಷ ಇರುವುದಿಲ್ಲ ಅಂತಲ್ಲ. ಒಂದೋ ಹುಡುಕಿಲ್ಲ, ಇಲ್ಲ ಸರ್ವಿಸ್‌ಗೆ ಬಂದ ಗಾಡಿಗೆ ಮೆಲ್ಲಗೆ ಬದಲಿಸಿ ಕಳಿಸುತ್ತಿದ್ದಾರೆ. ಈ ಎರಡನೆಯದಕ್ಕೆ ನಮ್ಮ ಧಂದೆಯಲ್ಲಿ ಸೈಲೆಂಟ್ ರೀಕಾಲ್ ಅನ್ನುತ್ತಾರೆ. ನನಗೆ ಭಯ ಅದರದ್ದೇ. ಅಧಿಕೃತ ಸೆಂಟರಿಗೆ ಹೋಗದವನಿಗೆ ಅದು ಎಂದಿಗೂ ತಲುಪುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಹೆಚ್ಚಾಗಿ ಓಣಿಯ ಮೆಕ್ಯಾನಿಕ್ ಹತ್ತಿರವೇ ಹೋಗುತ್ತಾರೆ, ಅಲ್ವಾ?

ಬಾಡಿಗೆ ನಷ್ಟದ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.


ವಾಸ್ಕೋ ಅಕ್ಕ (ಗೋವಾ)

ನನ್ನದು ಸ್ಕೂಟರ್. ಕಂಪನಿ ಹೆಸರು ನಾನೂ ಹೇಳುವುದಿಲ್ಲ. ದಿನಾ ವಾಸ್ಕೋದಿಂದ ಜುವಾರಿ ಸೇತುವೆ ದಾಟಿ ಪಣಜಿಗೆ ಕೆಲಸಕ್ಕೆ ಹೋಗುತ್ತೇನೆ.

ನನಗೆ ಮೆಸೇಜ್ ಬಂದಿತ್ತು. ಸುಳ್ಳು ಹೇಳಬಾರದು. ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಒಂದು ಲಿಂಕ್, "ಉಚಿತ" ಅಂತ ಒಂದು ಪದ. ಅದೇ ವಾರ ನಮ್ಮ ಜುವಾರಿನಗರದಲ್ಲಿ ಒಬ್ಬರಿಗೆ ವಿದ್ಯುತ್ ಬಿಲ್ ಲಿಂಕ್ ಒತ್ತಿ ದುಡ್ಡು ಹೋಗಿತ್ತು. ನಾನು ನೋಡಿದ ಕೂಡಲೇ ಅಳಿಸಿದೆ. ಬ್ಯಾಂಕಿನವರು, ಪೊಲೀಸರು ಎಲ್ಲರೂ ಹೇಳುವುದು ಅದನ್ನೇ ತಾನೆ, ಲಿಂಕ್ ಒತ್ತಬೇಡಿ ಅಂತ? ನಾಲ್ಕು ತಿಂಗಳಾದ ಮೇಲೆ ಪಂಕ್ಚರ್ ಹಾಕಿಸಲು ಹೋದಾಗ ಅಲ್ಲಿದ್ದ ಇನ್ನೊಬ್ಬಳು "ನಿಮ್ಮ ಗಾಡಿಗೂ ಬ್ರೇಕ್ ರೀಕಾಲ್ ಇದೆ ನೋಡಿ" ಅಂದಳು. ಆವತ್ತೇ ಷೋರೂಮಿಗೆ ಹೋದೆ. ಅರ್ಧ ಗಂಟೆಯ ಕೆಲಸ.

ಕಾರಿನವರು ಸುಮ್ನೆ ಕಾರಿನ ಮಾತೇ ಆಡುತ್ತೀರಿ. ದ್ವಿಚಕ್ರದಲ್ಲಿ ಬ್ರೇಕ್ ತಪ್ಪಿದರೆ ಸೀಟ್ ಬೆಲ್ಟೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಮೈಯೇ ಬಂಪರು.


ಬೇನಾಮಿ ಬುಲೆಟ್

ಅಕ್ಕ ಹೇಳಿದ್ದು ಖರೆ. 2024ರ ಫೆಬ್ರವರಿಯಲ್ಲಿ ಯಮಹಾ ಸುಮಾರು 3 ಲಕ್ಷ ಸ್ಕೂಟರ್ ಕರೆಯಿತು. ರೇ ಝಡ್‌ಆರ್ ಮತ್ತು ಫ್ಯಾಸಿನೋ 125 ಹೈಬ್ರಿಡ್, ಬ್ರೇಕ್ ಲಿವರಿನ ಸಮಸ್ಯೆ. ರಾಯಲ್ ಎನ್‌ಫೀಲ್ಡ್ 2021ರ ಡಿಸೆಂಬರಿನಲ್ಲಿ 26,300 ಕ್ಲಾಸಿಕ್ 350 ಕರೆದಿತ್ತು. ಹಿಂದಿನ ಡ್ರಮ್ ಬ್ರೇಕಿನ ಒಂದು ಬ್ರ್ಯಾಕೆಟ್, ಪೆಡಲ್ ಮೇಲೆ ಜೋರಾಗಿ ನಿಂತರೆ ಸದ್ದು ಮಾಡಿ ಕೆಡಬಹುದು ಅಂತ. ನಮ್ಮ ಗುಂಪಿನಲ್ಲಿ ಅರ್ಧ ಜನ "ಬುಲೆಟ್ ಅಂದ ಮೇಲೆ ಸದ್ದು ಇರಬೇಕಪ್ಪ" ಅಂತ ನಕ್ಕು ಬಿಟ್ಟರು. ನಾನೂ ನಕ್ಕಿದ್ದೆ.


ಕಾತ್ರಜ್ ಕಾಕಾ (ಪುಣೆ)

ಮಕ್ಕಳೇ, ನಾನು 30 ವರ್ಷ ಲಾರಿ ವರ್ಕ್‌ಶಾಪಿನಲ್ಲಿ ಗ್ರೀಸ್ ತಿಂದವನು. ಊರು ಸವದತ್ತಿ, ನೀರು ಕಾತ್ರಜದ್ದು. ರೀಕಾಲ್ ದೊಡ್ಡ ವಿಷಯ, ಒಪ್ಪಿದೆ. ಆದರೆ "ಬ್ರೇಕ್ ಫೇಲ್" ಅನ್ನುವ ಮಾತನ್ನು ನಮ್ಮ ಜನ ಎಲ್ಲಕ್ಕೂ ಬಳಸುತ್ತಾರೆ. ಅದರಲ್ಲಿ ಕಾರ್ಖಾನೆಯ ತಪ್ಪು ಎಷ್ಟು, ನಮ್ಮ ತಪ್ಪು ಎಷ್ಟು ಅಂತ ಬೇರೆ ಮಾಡಿ ನೋಡಬೇಕು.

ನವಲೆ ಸೇತುವೆ ಎಲ್ಲರಿಗೂ ಗೊತ್ತು. ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ಕಿಲೋಮೀಟರ್‌ಗಟ್ಟಲೆ ಇಳಿಜಾರು. 2022ರ ನವೆಂಬರ್ 20ರಂದು ರಾತ್ರಿ ಒಂದು ಟ್ರಕ್ಕು 48 ಗಾಡಿಗಳಿಗೆ ಗುದ್ದಿತು. ಮೊದಲು ಬಂದ ಸುದ್ದಿ ಬ್ರೇಕ್ ಫೇಲ್ ಅಂತ. ಆಮೇಲೆ ಪೊಲೀಸರು ಹೇಳಿದ್ದು ಬೇರೆ. ಚಾಲಕ ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ ಗಾಡಿ ಬಿಟ್ಟಿದ್ದ ಅಂತ. ಡೀಸೆಲ್ ಉಳಿಸುವ ಹಳೆ ಚಾಳಿ. ದೊಡ್ಡ ಗಾಡಿಯ ಬ್ರೇಕು ಗಾಳಿಯಿಂದ ಕೆಲಸ ಮಾಡುತ್ತದೆ. ಆ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಇಂಜಿನಿನಿಂದ. ಇಂಜಿನ್ ಬಂದ್ ಆದರೆ ಪ್ರತಿ ಸಲ ಪೆಡಲ್ ಒತ್ತಿದಾಗಲೂ ಗಾಳಿ ಖಾಲಿ, ಹೊಸ ಗಾಳಿ ಬರುವುದಿಲ್ಲ. ಗೇರಿನ ಹಿಡಿತವೂ ಇಲ್ಲ. ನಲವತ್ತು ಟನ್ ಕಬ್ಬಿಣ ಯಾರ ಮಾತು ಕೇಳುತ್ತದೆ?

ಕಾರಿನಲ್ಲೂ ಹಾಗೇ. ಪೆಡಲ್ ಮೆತ್ತಗೆ ಒತ್ತಿದರೆ ಸಾಕು, ಬೂಸ್ಟರ್ ನಮ್ಮ ಕಾಲಿಗೆ ಬಲ ಕೂಡಿಸುತ್ತದೆ. ಅದಕ್ಕೆ ವ್ಯಾಕ್ಯೂಮ್, ಅಂದರೆ ಗಾಳಿ ಹೀರಿ ತೆಗೆದ ಖಾಲಿತನ, ಬೇಕು, ಅದೂ ಇಂಜಿನಿನಿಂದಲೇ ಬರುತ್ತದೆ. ಇಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲು. 2018ರಲ್ಲಿ ಸ್ವಿಫ್ಟ್, ಬಲೆನೋ 52,686 ಗಾಡಿ ಹಿಂದೆ ಕರೆದರಲ್ಲ, ಅದು ಇದೇ ವ್ಯಾಕ್ಯೂಮ್ ಹೋಗುವ ಹೋಸಿನ ಸಲುವಾಗಿ. ಬೆರಳು ದಪ್ಪದ ರಬ್ಬರ್ ಕೊಳವೆ. ಅದು ಸೋರಿದರೆ ಬ್ರೇಕ್ ಇರುತ್ತದೆ, ನಿಮ್ಮ ಕಾಲಿಗೆ ಮಾತ್ರ ಭೀಮನ ಬಲ ಬೇಕಾಗುತ್ತದೆ.

ಇನ್ನು ಬ್ರೇಕ್ ಎಣ್ಣೆ. ಇದನ್ನು ಯಾರೂ ಬದಲಿಸುವುದಿಲ್ಲ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ನೀರು ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4 ಆದರೆ 230, ನೀರು ಸೇರಿದರೆ 155. ಕೊಂಕಣದ ಮಳೆಗಾಲ ನಾಲ್ಕು ಕಂಡ ಎಣ್ಣೆ ಹಾಕಿಕೊಂಡು ಅಂಬೋಲಿ ಘಾಟಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಎಣ್ಣೆಯಲ್ಲಿ ಗುಳ್ಳೆ ಏಳುತ್ತದೆ. ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಆಮೇಲೆ ಕಂಪನಿಗೆ ಬೈಯುತ್ತಾರೆ! ಎರಡು ವರ್ಷಕ್ಕೊಮ್ಮೆ ಬದಲಿಸಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನಮ್ಮ ಉಸ್ತಾದ್ ಹೇಳಿಕೊಟ್ಟದ್ದು ಇಷ್ಟೇ.


ವಾಸ್ಕೋ ಅಕ್ಕ

ಕಾಕಾ, ನೀವು ಹೇಳಿದ್ದು ಸರಿ. ಆದರೆ ಒಂದು ಬೇಜಾರು. ಎಲ್ಲವನ್ನೂ ಚಾಲಕನ ಮೇಲೆ ಹಾಕಿದರೆ ಕಾರ್ಖಾನೆಗೆ ಅನುಕೂಲ ಅಲ್ವಾ? ಅಪಘಾತ ಆದ ಮೇಲೆ ಮುರಿದ ಟೈ ರಾಡ್ ನೋಡಿ ಅದು ಮೊದಲು ಮುರಿದದ್ದೋ, ಗುದ್ದಿದ ಮೇಲೆ ಮುರಿದದ್ದೋ ಅಂತ ನಮ್ಮಂಥವರು ಹೇಗೆ ಸಾಬೀತು ಮಾಡುವುದು? ಪಂಚನಾಮೆಯಲ್ಲಿ "ಅತಿವೇಗ" ಅಂತ ಒಂದು ಪದ ಬರೆದರೆ ಮುಗಿಯಿತು.


ಕಾತ್ರಜ್ ಕಾಕಾ

ಒಪ್ಪಿದೆ ತಂಗಿ. ಮುರಿದ ಜಾಗ ನೋಡಿದರೆ ಬಲ್ಲವನಿಗೆ ಗೊತ್ತಾಗುತ್ತದೆ. ಹಳೆ ಬಿರುಕು ಇದ್ದರೆ ಅಲ್ಲಿ ತುಕ್ಕು, ಕಪ್ಪು, ಅಲೆ ಅಲೆಯಂಥ ಗೆರೆ ಇರುತ್ತದೆ. ಒಂದೇ ಏಟಿಗೆ ಮುರಿದದ್ದು ಹೊಳೆಯುತ್ತದೆ. ಆದರೆ ಗುಜರಿಗೆ ಹೋಗುವ ಮೊದಲು ಯಾರಾದರೂ ನೋಡಬೇಕಲ್ಲ.


ಮಾಟುಂಗಾ ಮೂಲೆ

ಚಾಕಣ್ ಅವರೇ, ಕಾನೂನು ಏನು ಹೇಳುತ್ತದೆ? ಸರ್ಕಾರ ಒತ್ತಾಯ ಮಾಡಬಹುದಾ, ಇಲ್ಲ ಎಲ್ಲ ಕಂಪನಿಯ ದಯೆಯಾ?


ಚಾಕಣ್ ಶಿಫ್ಟ್

ಮೊದಲು ದಯೆಯೇ ಇತ್ತು. 2012ರಲ್ಲಿ ವಾಹನ ತಯಾರಕರ ಸಂಘ ಸಿಯಾಮ್ ಸ್ವಯಂಪ್ರೇರಿತ ನಿಯಮ ಮಾಡಿಕೊಂಡಿತು. ಅದರಡಿ ದೊಡ್ಡ ದೊಡ್ಡ ರೀಕಾಲ್ ಆದವು. 2013ರಲ್ಲಿ ಫೋರ್ಡ್ 1,66,021 ಫಿಗೋ ಮತ್ತು ಕ್ಲಾಸಿಕ್ ಕರೆದದ್ದು ಪವರ್ ಸ್ಟೀರಿಂಗ್ ಹೋಸು ಮತ್ತು ಹಿಂದಿನ ಎರಡು ಗಾಲಿಯನ್ನು ಜೋಡಿಸುವ ಟ್ವಿಸ್ಟ್ ಬೀಮ್ ಸಲುವಾಗಿ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. ಕಲಂ 110ಎ ಬಂತು. ದೋಷ ಇರುವ ಗಾಡಿಯನ್ನು ಹಿಂದೆ ಕರೆಯಿರಿ ಅಂತ ಆದೇಶ ಮಾಡುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಅದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿ. ಏಳು ವರ್ಷದೊಳಗಿನ ಗಾಡಿಗೆ ಅನ್ವಯ. ಸರ್ಕಾರವೇ ಆದೇಶ ಮಾಡಬೇಕಾಗಿ ಬಂದರೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ, ಗಾಡಿಯ ಬಗೆ ಮತ್ತು ಎಣಿಕೆ ನೋಡಿಕೊಂಡು. ಲಕ್ಷಗಟ್ಟಲೆ ಗಾಡಿ ಮಾರುವವರಿಗೆ 1 ಕೋಟಿ ಅಂದರೆ ಚಹಾ ಖರ್ಚು. ಇದು ನನ್ನ ಅಭಿಪ್ರಾಯ, ಕಾರ್ಖಾನೆಯದಲ್ಲ!

ಗಾಡಿ ಮಾಲೀಕರು ದೂರು ಕೊಡಲು ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ರೀಕಾಲ್ ವಿಭಾಗ ಇದೆ. ಎಷ್ಟು ಜನ ದೂರು ಕೊಟ್ಟರು ಅನ್ನುವುದನ್ನೂ ನೋಡಿಯೇ ಸರ್ಕಾರದ ತನಿಖೆ ಶುರು ಆಗುವುದು. ನಾವು ವಾಟ್ಸಾಪ್ ಗುಂಪಿನಲ್ಲಿ ಬೈದುಕೊಂಡರೆ ಅದು ಆ ಎಣಿಕೆಗೆ ಸೇರುವುದಿಲ್ಲ. ದೋಷ ನಿಜವೋ ಅಲ್ಲವೋ ಪರೀಕ್ಷಿಸುವ ಸಂಸ್ಥೆಗಳಲ್ಲಿ ಒಂದು ನಮ್ಮ ಪುಣೆಯದ್ದೇ, ವೇತಾಳ ಗುಡ್ಡದ ಮೇಲಿನ ಎಆರ್‌ಎಐ. ಬೆಳಿಗ್ಗೆ ಅಲ್ಲಿಗೆ ವಾಕಿಂಗ್ ಹೋಗುವವರು ಗೋಡೆಯಾಚೆ ಏನಿದೆ ಅಂತ ಕೇಳಿರಬಹುದು. ಅದು ಇದು.

ನಿಮ್ಮ ಗಾಡಿಗೆ ರೀಕಾಲ್ ಇದೆಯೋ ನೋಡುವುದು ಕಷ್ಟ ಅಲ್ಲ. ಆರ್‌ಸಿ ಕಾರ್ಡಿನಲ್ಲಿ 17 ಅಕ್ಷರ ಮತ್ತು ಅಂಕಿಯ ಚಾಸಿ ನಂಬರ್ ಇರುತ್ತದೆ. ಕಂಪನಿಯ ಅಧಿಕೃತ ವೆಬ್‌ಸೈಟಿಗೆ ನೀವೇ ಹೋಗಿ, ಮೆಸೇಜಿನ ಲಿಂಕ್ ಒತ್ತಬೇಡಿ, ವಾಸ್ಕೋ ಅಕ್ಕನ ಅನುಮಾನ ಒಳ್ಳೆಯದೇ. ಅಲ್ಲಿ ರೀಕಾಲ್ ಪುಟ ಹುಡುಕಿ ನಂಬರ್ ಹಾಕಿ. ಮಾರುತಿಯಲ್ಲಿ ಆ ನಂಬರ್ ಎಂಎ3 ಅಂತ ಶುರುವಾಗುತ್ತದೆ. ಪುಟ ಹುಡುಕುವುದೇ ಕೆಲವು ಕಡೆ ಗೋಳು, ಕೆಳಗೆ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇಟ್ಟಿರುತ್ತಾರೆ. ಸಿಗದಿದ್ದರೆ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ "ಈ ಚಾಸಿ ನಂಬರಿಗೆ ಕ್ಯಾಂಪೇನ್ ಪೆಂಡಿಂಗ್ ಇದೆಯಾ" ಅಂತ ಕೇಳಿ. ರೀಕಾಲ್ ಅಂದರೆ ಕೆಲವರು ಕಿವುಡರಾಗುತ್ತಾರೆ, ಕ್ಯಾಂಪೇನ್ ಅಂದರೆ ಕೂಡಲೇ ಅರ್ಥ ಆಗುತ್ತದೆ.

ವಾಕಡ್ ಅವರ ಎರಡನೇ ಪ್ರಶ್ನೆ. ಪ್ಲೇಟು ಕೆಎ ಇರಲಿ, ಎಂಎಚ್ ಇರಲಿ, ಜಿಎ ಇರಲಿ, ನೋಡುವುದು ಚಾಸಿ ನಂಬರ್ ಒಂದೇ. ಎಷ್ಟನೇ ಮಾಲೀಕ ಅನ್ನುವುದೂ ಲೆಕ್ಕಕ್ಕಿಲ್ಲ. ದುಡ್ಡು ಕೇಳಿದರೆ ಬರೆದುಕೊಡಿ ಅನ್ನಿ, ಸುಮ್ಮನಾಗುತ್ತಾರೆ.


ಫೋಂಡಾ ಪುಟ್ಟ (ಗೋವಾ)

ನನ್ನದು ನೋಡಿ ಹೇಳಿ ಪ್ಲೀಸ್, ಚಾಸಿ ನಂಬರ್ ಇಲ್ಲಿದೆ: [ನಿರ್ವಾಹಕರು ತೆಗೆದಿದ್ದಾರೆ]


ನಿರ್ವಾಹಕ

ಚಾಸಿ ನಂಬರ್, ಆರ್‌ಸಿ ಫೋಟೋ ಇಲ್ಲಿ ಹಾಕಬೇಡಿ. ಕಳ್ಳ ಗಾಡಿಗೆ ಅದೇ ನಂಬರ್ ಕೊರೆದು ಮಾರುವವರು ಇದ್ದಾರೆ.


ಫೋಂಡಾ ಪುಟ್ಟ

ಅಯ್ಯೋ, ಗೊತ್ತಿರಲಿಲ್ಲ. ಶೋರೂಮಿಗೆ ಫೋನ್ ಮಾಡಿದೆ. ಏನೂ ಇಲ್ಲವಂತೆ. ಆದರೂ ಬ್ರೇಕ್ ಹಾಕಿದಾಗ ಹಿಂದೆ ಕಿರ್ ಅನ್ನುತ್ತದೆ.


ಕಾತ್ರಜ್ ಕಾಕಾ

ಅದು ರೀಕಾಲ್ ಅಲ್ಲಪ್ಪ, ಬ್ರೇಕ್ ಶೂ ಸವೆದಿದೆ. ನಾಳೆಯೇ ಬಿಚ್ಚಿಸಿ ನೋಡು.


ವಾಕಡ್ ವಾಸಿ

ಎಲ್ಲರಿಗೂ ಥ್ಯಾಂಕ್ಸ್. ಆದರೆ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪಾರ್ಟ್ ಬರಲು ಹತ್ತು ದಿನವಂತೆ. ಕಾರು ಕೆಳಗೆ ಪಾರ್ಕಿಂಗಿನಲ್ಲಿ ನಿಂತಿದೆ. ಆಫೀಸಿಗೆ ಹಿಂಜವಡಿಗೆ ಹೋಗಬೇಕು. ಸರ್ವಿಸ್ ಸೆಂಟರಿನವರು "ಮೆಲ್ಲಗೆ ಓಡಿಸಿ ಸರ್, ಏನೂ ಆಗಲ್ಲ" ಅನ್ನುತ್ತಾರೆ. ಮೆಲ್ಲಗೆ ಅಂದರೆ ಎಷ್ಟು?


ಚಾಕಣ್ ಶಿಫ್ಟ್

ಕೌಂಟರಿನವರ ಬಾಯಿಮಾತು ಬೇಡ. ರೀಕಾಲ್ ನೋಟಿಸಿನಲ್ಲಿ ಕಂಪನಿ ಏನು ಬರೆದಿದೆ ಅದನ್ನು ಓದಿ. ಕೆಲವು ರೀಕಾಲ್‌ನಲ್ಲಿ ತಪಾಸಣೆ ಮಾಡಿಸಿ ಅಂತ ಮಾತ್ರ ಇರುತ್ತದೆ. ಕೆಲವದರಲ್ಲಿ ಓಡಿಸಲೇಬೇಡಿ ಅಂತ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಆಲ್ಟೋ ಕೆ10ರ 2,555 ಗಾಡಿಗಳಿಗೆ ಸ್ಟೀರಿಂಗ್ ಗೇರ್ ಬಾಕ್ಸ್ ರೀಕಾಲ್ ಬಂದಾಗ, ಭಾಗ ಬದಲಿಸುವವರೆಗೆ ಗಾಡಿ ಬಳಸಬೇಡಿ ಅಂತಲೇ ಕಂಪನಿ ಹೇಳಿತ್ತು. 2022ರಲ್ಲಿ ಮರ್ಸಿಡಿಸ್ ಜಗತ್ತಿನಾದ್ಯಂತ ಹತ್ತಿರ ಹತ್ತಿರ 10 ಲಕ್ಷ ಹಳೆ ಗಾಡಿ ಕರೆದಾಗಲೂ ಹಾಗೇ. ಬ್ರೇಕ್ ಬೂಸ್ಟರ್ ಮೇಲಿನ ರಬ್ಬರಿನ ಕೆಳಗೆ ತೇವ ಕೂತು ಒಳಗೊಳಗೇ ತುಕ್ಕು ಹಿಡಿದಿತ್ತು. ಗೋವಾದವರೇ, ಕೇಳಿಸಿಕೊಳ್ಳಿ.

ನನ್ನನ್ನು ಕೇಳಿದರೆ ಸ್ಟೀರಿಂಗ್ ವಿಷಯದಲ್ಲಿ ಮೆಲ್ಲಗೆ ಅನ್ನುವುದೇ ಇಲ್ಲ. ಸದ್ದು, ಸಡಿಲ ಏನೂ ಗೊತ್ತಾಗದೆಯೂ ಬಿರುಕು ಬೆಳೆಯಬಹುದು. ಹತ್ತು ದಿನ ಬಸ್ಸು. ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಬರೆಯಿರಿ: ಓಡಿಸಬಹುದೇ ಇಲ್ಲವೇ, ಲಿಖಿತವಾಗಿ ತಿಳಿಸಿ, ಇಲ್ಲದಿದ್ದರೆ ಟೋ ಮಾಡಿಸಿಕೊಳ್ಳಿ. ಲಿಖಿತವಾಗಿ ಅಂದ ಕೂಡಲೇ ಪಾರ್ಟಿಗೆ ರೆಕ್ಕೆ ಬರುತ್ತದೆ.


ಬೇನಾಮಿ ಬುಲೆಟ್

ಹಿಂಜವಡಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಹೇಗೂ ಮೆಲ್ಲಗೇ ಹೋಗಬೇಕು. ಅಲ್ಲಿ ಸ್ಟೀರಿಂಗ್ ಏಕೆ, ಗಾಲಿ ಇಲ್ಲದಿದ್ದರೂ ನಡೆಯುತ್ತದೆ.


ವಾಕಡ್ ವಾಸಿ

ಮುಗಿಯಿತು. ಇಮೇಲ್ ಬರೆದ ನಾಲ್ಕನೇ ದಿನಕ್ಕೆ ಪಾರ್ಟ್ ಬಂತು. ಚಾಕಣ್ ಅವರೇ, ರೆಕ್ಕೆ ನಿಜ. ಟೋ ಗಾಡಿ ಅವರೇ ಕಳಿಸಿದರು. ಕೆಲಸ ಒಂದೂ ಮುಕ್ಕಾಲು ಗಂಟೆ, ವೀಲ್ ಅಲೈನ್‌ಮೆಂಟೂ ಸೇರಿ. ಬಿಲ್ ಸೊನ್ನೆ. ಹಳೆಯ ಜಾಯಿಂಟ್ ಕೊಡಿ ಅಂದೆ, ಕೊಡಲಿಲ್ಲ, ಕಂಪನಿಗೆ ವಾಪಸ್ ಕಳಿಸಬೇಕಂತೆ. ಕೈಯಲ್ಲಿ ಹಿಡಿದು ನೋಡಲು ಬಿಟ್ಟರು. ಅಂಗೈ ಅಗಲದ ಕಬ್ಬಿಣ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಜಾಬ್ ಕಾರ್ಡಿನ ಮೇಲೆ ಕ್ಯಾಂಪೇನ್ ಮುಗಿದಿದೆ ಅಂತ ಬರೆಸಿ ಸೀಲ್ ಹಾಕಿಸಿಕೊಂಡೆ. ಫೋನ್ ನಂಬರ್, ವಿಳಾಸ ಕೂಡ ನನ್ನದೇ ಮಾಡಿಸಿದೆ.

ಸಂಜೆ ಬೆಳಗಾವಿಗೆ ಫೋನ್ ಮಾಡಿದೆ, ಮೊದಲ ಮಾಲೀಕರಿಗೆ. ಜಗಳ ಮಾಡಬೇಕು ಅಂತಲೇ ಮಾಡಿದ್ದು. ಅವರು ಪಾಪ, ಮೂರು ಮೆಸೇಜ್ ಬಂದಿತ್ತು, ಸರ್ವಿಸ್ ಆಫರ್ ಅಂದುಕೊಂಡು ಬಿಟ್ಟೆ, ಪತ್ರ ಬಂದಿದ್ದರೆ ಹಳೆ ಮನೆಗೆ ಹೋಗಿರಬೇಕು ಅಂದರು. ನಾನು ಕೌಂಟರಿನಲ್ಲಿ "ನಕೋ" ಅಂದದ್ದು ನೆನಪಾಯಿತು. ಜಗಳ ಆಗಲಿಲ್ಲ.

ಫೋನ್ ಇಡುವ ಹೊತ್ತಿಗೆ ಲಾಟಿನ ಮಾತು ತಲೆಗೆ ಬಂತು. ಕೇಳಿದೆ, ಆ ಮಾಡೆಲ್ ಬೇರೆ ಯಾರಾದರೂ ಕೊಂಡಿದ್ದರಾ ಅಂತ. ಅವರ ಭಾವನೂ ಅದೇ ಶೋರೂಮಿನಿಂದ, ಅದೇ ವಾರ, ಅದೇ ಬಣ್ಣದ್ದು ತೆಗೆದುಕೊಂಡಿದ್ದರಂತೆ. ದಸರಾಕ್ಕೆ ಎರಡೂ ಕಾರಿಗೆ ಒಟ್ಟಿಗೆ ಪೂಜೆ ಮಾಡಿಸಿದ್ದರಂತೆ. ಆ ಕಾರು ಈಗ ಎಲ್ಲಿದೆ ಅಂದೆ. ಕೊಲ್ಹಾಪುರದ ಒಬ್ಬರಿಗೆ ಮಾರಿದ್ದಾರೆ, ಅವರು ಮಕ್ಕಳನ್ನು ಟ್ಯೂಷನ್ನಿಗೆ ಬಿಡಲು ಓಡಿಸುತ್ತಾರೆ ಅಂದರು.

ನಂಬರ್ ಸಿಕ್ಕಿದೆ. ಎರಡು ಸಲ ಮಾಡಿದೆ, ರಿಂಗ್ ಆಯಿತು, ಎತ್ತಲಿಲ್ಲ. ಗೊತ್ತಿಲ್ಲದ ನಂಬರ್ ಅಲ್ವಾ. ಮೆಸೇಜ್ ಹಾಕೋಣ ಅಂದರೆ ಅದನ್ನೂ ಫ್ರಾಡ್ ಅಂತ ಅಳಿಸುತ್ತಾರೆ. ಕೊಲ್ಹಾಪುರದಲ್ಲಿ ನಮ್ಮವರು ಯಾರಾದರೂ ಇದ್ದೀರಾ? ಮನೆ ರಂಕಾಳ ಕೆರೆ ಹತ್ತಿರವಂತೆ. ಹೋಗಿ ಬಾಗಿಲು ತಟ್ಟಿ ಬರಬೇಕು.


ಕಾತ್ರಜ್ ಕಾಕಾ

ನನ್ನ ಅಳಿಯ ಅಲ್ಲೇ ಇದ್ದಾನೆ. ವಿಳಾಸ ಖಾಸಗಿಯಾಗಿ ಕಳಿಸು, ಇವತ್ತೇ ಹೋಗುತ್ತಾನೆ.